ಕಾಣದ ಆಮ್ಲದ ಲೆಕ್ಕ

ಕಳೆದ ಮಾಗಿಯ ಒಂದು ಸಂಜೆ. ದೀಪ ಹಚ್ಚುವ ಹೊತ್ತು. ಮುಂಬಯಿಯ ನಮ್ಮ ಮನೆಯ ಬಾಗಿಲಿಗೂ ಎದುರು ಮನೆಯ ಬಾಗಿಲಿಗೂ ನಡುವೆ ಇರುವುದು ಎರಡೇ ಮಾರು. ಆ ಮನೆಯ ಹುಡುಗಿ ವಹಿ ಹಿಡಿದುಕೊಂಡು ಬಂದು ನಿಂತಳು. ಬೆನ್ನ ಹಿಂದೆಯೇ ಅವಳ ಅಜ್ಜಿ. ಅಜ್ಜಿ ಧಾರವಾಡದ ಕಡೆಯವರು. ಊರು ಬಿಟ್ಟು ನಲವತ್ತು ವರ್ಷವಾದರೂ ಅವರ ಮಾತು ಮಾತ್ರ ಊರು ಬಿಟ್ಟಿಲ್ಲ. ಹುಡುಗಿ ಹನ್ನೊಂದನೆಯ ತರಗತಿಯಲ್ಲಿದ್ದಾಳೆ, ಡಾಕ್ಟರಳಾಗಬೇಕೆಂಬ ಹಂಬಲ. ಅಂದು ಅವಳ ಕಣ್ಣು ಕೆಂಪಾಗಿತ್ತು.

“ಕಾಕಾ, ಈ ಪುಸ್ತಕದಾಗಿನ ಉತ್ತರ ತಪ್ಪದ. ಮೂರು ಸಲ ಮಾಡೀನಿ. ಮೂರೂ ಸಲ ನಂದು ಒಂದs ಬರ್ತದ,” ಎಂದಳು.

ಲೆಕ್ಕ ಹೀಗಿತ್ತು. ಒಂದು ಲೀಟರು ದ್ರಾವಣದಲ್ಲಿ 0.10 ಮೋಲ್ ಅಸಿಟಿಕ್ ಆಮ್ಲವೂ 0.10 ಮೋಲ್ ಸೋಡಿಯಂ ಅಸಿಟೇಟೂ ಇವೆ. ಅದರ ಪಿಎಚ್ 4.76. ಅದಕ್ಕೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಹಾಕಲಾಗಿ ಪಿಎಚ್ 4.46ಕ್ಕೆ ಇಳಿಯಿತು. ಹಾಕಿದ ಆಮ್ಲವೆಷ್ಟು ಮೋಲ್?

ಹುಡುಗಿಯ ಉತ್ತರ 0.0000173 ಮೋಲ್. ಪುಸ್ತಕದ ಉತ್ತರ 0.033 ಮೋಲ್. ಒಂದಕ್ಕೂ ಇನ್ನೊಂದಕ್ಕೂ ಸುಮಾರು 1900 ಪಟ್ಟಿನ ಅಂತರ! ಅಚ್ಚಿನ ತಪ್ಪಿದ್ದರೆ ಒಂದು ಸೊನ್ನೆ ಹೆಚ್ಚು ಕಡಿಮೆಯಾದೀತು, ಇಷ್ಟೊಂದು ಅಂತರವಾಗದು. ಆಕೆಯ ಗುಣಾಕಾರ ಭಾಗಾಕಾರಗಳಲ್ಲಿಯೂ ದೋಷವಿರಲಿಲ್ಲ. ಹಾಗಾದರೆ ತಪ್ಪು ಎಲ್ಲಿ?

ನಾವು ಕನ್ನಡಕ ಹಾಕಿಕೊಂಡು ಕುಳಿತೆವು. ಆಗ ಅಜ್ಜಿ, “ಅಲ್ರೀ, ನೀವಿಬ್ಬರೂ ಇಂಗ್ಲಿಷಿನ್ಯಾಗ ಗುಣುಗುಣು ಅಂದರ ನನಗೇನ ತಿಳೀಬೇಕು? ನಮ್ಮ ಮಾತಿನ್ಯಾಗ ಹೇಳ್ರಿ. ಹೇಳೂ ಮುಂದ ಹುಡುಗಿಗೂ ತಿಳೀತದ,” ಎಂದರು. ಅಜ್ಜಿಯ ಮಾತು ಸರಿಯೆನಿಸಿತು. ಕನ್ನಡದಲ್ಲಿ ಹೇಳಲು ಹೊರಟಾಗಲೇ ತಪ್ಪು ಎಲ್ಲಿದೆಯೆಂಬುದು ನಮಗೂ ಹೊಳೆಯಿತು. ಆ ಸಂಜೆ ನಡೆದ ಮಾತನ್ನೇ ಈ ಸಲದ ಅಂಕಣದಲ್ಲಿ ವಾಚಕರ ಮುಂದಿಡುತ್ತಿದ್ದೇವೆ. ಮನೆಯಲ್ಲಿ ಓದುವ ಮಕ್ಕಳಿರುವವರಿಗೂ, ಸಕ್ಕರೆ ಕಾಯಿಲೆಯ ಹಿರಿಯರಿರುವವರಿಗೂ ಇದು ಬೇಕಾದ ಮಾತೇ. ಸಕ್ಕರೆ ಕಾಯಿಲೆಗೂ ಈ ಲೆಕ್ಕಕ್ಕೂ ಎತ್ತಣ ಸಂಬಂಧವೆನ್ನುವಿರಾ? ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಮೊದಲು ಮೋಲ್ ಎಂದರೇನು? ಬಾಳೆಹಣ್ಣನ್ನು ಡಜನ್ನಿನಿಂದ ಎಣಿಸುವಂತೆ ಅಣುಗಳನ್ನು ಮೋಲಿನಿಂದ ಎಣಿಸುತ್ತಾರೆ. ಡಜನ್ನಿಗೆ ಹನ್ನೆರಡು; ಮೋಲಿಗೆ 6.02214076ನ್ನು 10ರ 23ನೆಯ ಘಾತದಿಂದ ಗುಣಿಸಿದಷ್ಟು. 2019ರಿಂದ ಈ ಸಂಖ್ಯೆಯನ್ನೇ ಮೋಲಿನ ನಿಶ್ಚಿತ ಅಳತೆಯಾಗಿ ಜಗತ್ತು ಒಪ್ಪಿಕೊಂಡಿದೆ. ಒಂದು ಆಮ್ಲದ ಮೋಲ್ ಎಷ್ಟೆಂದು ತಿಳಿದರೆ ಅದರ ಅಣುಗಳ ತಲೆಯೆಣಿಕೆ ತಿಳಿದಂತೆ.

ಇನ್ನು ಪಿಎಚ್. ಹುಳಿಯ ಪದಾರ್ಥಗಳೆಲ್ಲ ನೀರಿನಲ್ಲಿ ಜಲಜನಕದ ಅಯಾನುಗಳನ್ನು ಬಿಟ್ಟುಕೊಡುತ್ತವೆ. ಈ ಅಯಾನುಗಳು ಹೆಚ್ಚಿದಷ್ಟೂ ಹುಳಿ ಹೆಚ್ಚು. ಅವುಗಳ ಪ್ರಮಾಣವನ್ನು ಬರೆಯಹೊರಟರೆ ಸೊನ್ನೆಗಳ ಸಾಲೇ ಬೇಕಾಗುತ್ತದೆ. ಈ ತೊಡಕನ್ನು ನೀಗಿಸಲು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಕೆಲಸಮಾಡುತ್ತಿದ್ದ ಸೋರೆನ್‌ಸೆನ್ ಎಂಬ ವಿಜ್ಞಾನಿ 1909ರಲ್ಲಿ ಪಿಎಚ್ ಎಂಬ ಅಳತೆಯನ್ನು ಬಳಕೆಗೆ ತಂದನು. ಆ ಪ್ರಯೋಗಶಾಲೆ ಬಿಯರ್ ತಯಾರಿಸುವ ಕಾರಖಾನೆಯವರದು. ಅಲ್ಲಿ ಹುಟ್ಟಿದ ಅಳತೆಯನ್ನು ಇಂದು ಲೋಕವೇ ಬಳಸುತ್ತಿದೆ.

ಈ ಅಳತೆಯಲ್ಲಿ ಎರಡು ವಿಶೇಷಗಳುಂಟು. ಅಂಕೆ ಇಳಿದಷ್ಟೂ ಹುಳಿ ಏರುತ್ತದೆ. ಮತ್ತು ಒಂದು ಮೆಟ್ಟಿಲು ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. ಶುದ್ಧ ನೀರು 7, ಹಾಲು 6.7ರ ಆಸುಪಾಸು, ನಿಂಬೆರಸ 2ರಿಂದ 2.5. ಹಾಲಿಗೂ ನಿಂಬೆರಸಕ್ಕೂ ನಾಲ್ಕು ಮೆಟ್ಟಿಲುಗಳ ಅಂತರವೆಂದರೆ ಹತ್ತು ಸಾವಿರ ಪಟ್ಟಿನ ಅಂತರವೆಂದು ತಿಳಿಯಬೇಕು. ಅರ್ಧ ಮೆಟ್ಟಿಲಿಗಿಂತ ಕಡಿಮೆ, ಅಂದರೆ 0.30ರಷ್ಟು ಇಳಿದರೂ ಜಲಜನಕದ ಅಯಾನುಗಳು ಇಮ್ಮಡಿಯಾಗುತ್ತವೆ.

“ಅಷ್ಟ ತಿಳೀತು. ಆ ಬಫರ್ ಅಂದರೇನ್ರಿ?” ಎಂದು ಅಜ್ಜಿ ಕೇಳಿದರು.

ಮುಂಬಯಿಯವರಿಗೆ ಬಫರನ್ನು ತೋರಿಸಿಕೊಡುವುದು ಸುಲಭ. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲಿ ಹಳಿ ಮುಗಿಯುವಲ್ಲಿ, ಬಂದ ಗಾಡಿ ಮುಂದೆ ನುಗ್ಗದಂತೆ ತಡೆಯಲು ನಿಲ್ಲಿಸಿರುವುದಕ್ಕೂ ಬಫರ್ ಎಂದೇ ಹೆಸರು. ಅದು ಗಾಡಿಯ ಪೆಟ್ಟನ್ನು ತಾನು ನುಂಗುತ್ತದೆ. ರಸಾಯನಶಾಸ್ತ್ರದ ಬಫರೂ ಹಾಗೆಯೇ, ಹಾಕಿದ ಆಮ್ಲವನ್ನು ನುಂಗುತ್ತದೆ. ನಮ್ಮ ಲೆಕ್ಕದ ದ್ರಾವಣದಲ್ಲಿ ಇಬ್ಬರಿದ್ದಾರೆ: ಅಸಿಟಿಕ್ ಆಮ್ಲವೆಂಬ ಸೌಮ್ಯ ಹುಳಿ (ವಿನೆಗರಿಗೆ ಹುಳಿ ಬರುವುದು ಇದರಿಂದಲೇ), ಮತ್ತು ಅದರ ಲವಣವಾದ ಅಸಿಟೇಟ್. ಹೊರಗಿನಿಂದ ಬಂದ ಪ್ರತಿಯೊಂದು ಜಲಜನಕದ ಅಯಾನನ್ನೂ ಒಂದು ಅಸಿಟೇಟ್ ಹಿಡಿದುಕೊಂಡು ತಾನೇ ಅಸಿಟಿಕ್ ಆಮ್ಲವಾಗಿಬಿಡುತ್ತದೆ. ತೀಕ್ಷ್ಣವಾದ ಆಮ್ಲ ಹೋಗಿ ಸೌಮ್ಯವಾದ ಆಮ್ಲ ಬಂದಂತಾಯಿತು. ಸೌಮ್ಯ ಆಮ್ಲ ತನ್ನ ಅಯಾನುಗಳನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆದುದರಿಂದ ಪಿಎಚ್ ತುಸುವೇ ಅಲುಗುತ್ತದೆ.

ಅಜ್ಜಿಗೆ ಕೂಡಲೇ ಅರ್ಥವಾಯಿತು. “ಹಾಲಿನಂಗ! ಸೇರು ಹಾಲಿಗೆ ಒಂದು ಹನಿ ಲಿಂಬಿ ಹುಳಿ ಬಿದ್ದರ ಏನೂ ಆಗೂದಿಲ್ಲ. ಹನಿ ಹನಿ ಹಾಕ್ಕೋತ ಹೋದರ ಒಮ್ಮಿಂದೊಮ್ಮೆ ಒಡೀತದ.” ಅಜ್ಜಿ ಹೇಳಿದ್ದು ತಕ್ಕ ಉದಾಹರಣೆ. ಹಾಲಿನಲ್ಲಿರುವ ಫಾಸ್ಫೇಟುಗಳೂ ಕೇಸೀನ್ ಎಂಬ ಪ್ರೋಟೀನೂ ಮೊದಲ ಹನಿಗಳ ಹುಳಿಯನ್ನು ನುಂಗಿಬಿಡುತ್ತವೆ.

ಈಗ ಲೆಕ್ಕಕ್ಕೆ ಬರೋಣ. ಹುಡುಗಿ ಮಾಡಿದ್ದೇನು? ಪಿಎಚ್ 4.76ರಲ್ಲಿ ಎಷ್ಟು ಜಲಜನಕದ ಅಯಾನುಗಳಿವೆ, 4.46ರಲ್ಲಿ ಎಷ್ಟಿವೆ ಎಂದು ಕಂಡುಹಿಡಿದು, ಎರಡನೆಯದರಲ್ಲಿ ಮೊದಲನೆಯದನ್ನು ಕಳೆದಿದ್ದಳು. ಬರಿಯ ನೀರಾಗಿದ್ದರೆ ಈ ಕ್ರಮವೇ ಸರಿ. ಆದರೆ ಬಫರಿನಲ್ಲಿ, ಹಾಕಿದ ಆಮ್ಲದಲ್ಲಿ ಬಹುಪಾಲನ್ನು ಅಸಿಟೇಟ್ ನುಂಗಿ ಮುಗಿಸಿದೆ. ಪಿಎಚ್ ತೋರಿಸುವುದು ನುಂಗಿದ ಮೇಲೆ ಉಳಿದ ಚೂರನ್ನು ಮಾತ್ರ. ಆಕೆ ತಟ್ಟೆಯಲ್ಲಿ ಉಳಿದ ಅಗುಳನ್ನು ಎಣಿಸಿ, ಬಡಿಸಿದ ಅನ್ನ ಇಷ್ಟೇ ಎಂದು ಹೇಳಿದಂತಾಯಿತು.

ಹಾಗಾದರೆ ಎಣಿಸಬೇಕಾದದ್ದು ಯಾವುದನ್ನು? ಉಂಡವನ ಹೊಟ್ಟೆಯನ್ನು! ಎಷ್ಟು ಅಸಿಟೇಟ್ ಖರ್ಚಾಯಿತೋ ಅಷ್ಟೇ ಆಮ್ಲ ಬಂದಿರಬೇಕು. ಹಾಕಿದ ಆಮ್ಲವನ್ನು ‘ಕ್ಷ’ ಮೋಲ್ ಎಂದಿಟ್ಟುಕೊಳ್ಳೋಣ.

ಮೊದಲ ಹೆಜ್ಜೆ: ಅಸಿಟೇಟ್ 0.10ರಿಂದ ಕ್ಷ ಕಡಿಮೆಯಾಗಿ (0.10 − ಕ್ಷ) ಉಳಿಯಿತು. ಅಸಿಟಿಕ್ ಆಮ್ಲ ಅಷ್ಟೇ ಹೆಚ್ಚಿ (0.10 + ಕ್ಷ) ಆಯಿತು. ಒಬ್ಬನ ಕಿಸೆಯಿಂದ ಇನ್ನೊಬ್ಬನ ಕಿಸೆಗೆ ಹೋದ ಹಣದಂತೆ. ಒಟ್ಟು ಮೊತ್ತ ಮಾತ್ರ 0.20 ಆಗಿಯೇ ಇರುತ್ತದೆ.

ಎರಡನೆಯ ಹೆಜ್ಜೆ: ಪಿಎಚ್‌ಗೂ ಈ ಎರಡರ ಪ್ರಮಾಣಕ್ಕೂ ಒಂದು ಸೂತ್ರವಿದೆ. ಅಮೆರಿಕದ ಹೆಂಡರ್‌ಸನ್ 1908ರಲ್ಲಿ ಇದರ ಮೂಲ ಸಂಬಂಧವನ್ನು ತೋರಿಸಿದನು. ಆಮೇಲೆ ಡೆನ್ಮಾರ್ಕಿನ ಹ್ಯಾಸೆಲ್‌ಬಾಲ್ಕ್ ಅದನ್ನು ಲಾಗರಿತಮ್ಮಿನ ರೂಪಕ್ಕೆ ತಂದನು. ದ್ರಾವಣದ ಪಿಎಚ್ = ಆಮ್ಲದ ಪಿಕೆಎ + (ಲವಣ ÷ ಆಮ್ಲ) ಇದರ ಲಾಗ್. ಪಿಕೆಎ ಎಂಬುದು ಆಯಾ ಆಮ್ಲದ ಹುಟ್ಟುಗುಣವನ್ನು ಹೇಳುವ ಅಂಕೆ. ಅಸಿಟಿಕ್ ಆಮ್ಲಕ್ಕೆ ಅದು 4.76. ಈಗ ಪಿಎಚ್ 4.46. ವ್ಯತ್ಯಾಸ −0.30. ಎರಡರ ಲಾಗ್ 0.301 ಎಂಬುದನ್ನು ನೆನಪಿಟ್ಟವರಿಗೆ ಯಂತ್ರದ ಹಂಗಿಲ್ಲ. ಋಣ ಚಿಹ್ನೆಯಿರುವುದರಿಂದ ಲವಣವು ಆಮ್ಲದ ಅರ್ಧದಷ್ಟಿದೆ ಎಂದಾಯಿತು.

ಮೂರನೆಯ ಹೆಜ್ಜೆ:

(0.10 − ಕ್ಷ) ÷ (0.10 + ಕ್ಷ) = 1 ÷ 2

0.20 − 2ಕ್ಷ = 0.10 + ಕ್ಷ

3ಕ್ಷ = 0.10; ಆದ್ದರಿಂದ ಕ್ಷ = 0.0333 ಮೋಲ್.

ತಾಳೆ ನೋಡೋಣ. ಉಳಿದ ಅಸಿಟೇಟ್ 0.0667, ಆದ ಆಮ್ಲ 0.1333, ಒಂದು ಇನ್ನೊಂದರ ಅರ್ಧ. ಪುಸ್ತಕ ಸುಳ್ಳು ಹೇಳಿರಲಿಲ್ಲ.

ಕಣ್ಣಿಗೆ ಕಟ್ಟುವಂತೆ ಹೇಳುವುದಾದರೆ, ಲೀಟರಿಗೆ ಒಂದು ಮೋಲ್ ಇರುವ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಳಸಿದ್ದರೆ, ಪುಸ್ತಕದ ಉತ್ತರಕ್ಕೆ 33 ಮಿಲಿಲೀಟರು, ಅಂದರೆ ಊಟದ ದೊಡ್ಡ ಚಮಚದಲ್ಲಿ ಎರಡು ಚಮಚಕ್ಕೂ ತುಸು ಹೆಚ್ಚು ಬೇಕು. ಹುಡುಗಿಯ ಉತ್ತರಕ್ಕೆ ಒಂದು ಹನಿಯ ಮೂರನೆಯ ಒಂದು ಪಾಲು ಸಾಕು! ಅದೇ 33 ಮಿಲಿಲೀಟರನ್ನು ಒಂದು ಲೀಟರು ಬರಿಯ ನೀರಿಗೆ ಹಾಕಿದ್ದರೆ ಪಿಎಚ್ 7ರಿಂದ 1.5ರ ಹತ್ತಿರಕ್ಕೆ ಧುಮುಕುತ್ತಿತ್ತು. ಬಫರಿನಲ್ಲಿ ಇಳಿದದ್ದು ಬರಿಯ 0.30.

ಅಜ್ಜಿ ಇಷ್ಟನ್ನೂ ಕೇಳಿ, “ಮಾರಿ ನೋಡಿ ಹೊಟ್ಟಿ ಅಳೀಬಾರದು ಅನ್ನೂದು ಇದಕ್ಕs,” ಎಂದರು. ನಾವು ಅರ್ಧ ತಾಸು ಹೇಳಿದ್ದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದ್ದರು.

ಹುಡುಗಿಗೆ ಮತ್ತೊಂದು ಸಂಶಯ. “33 ಮಿಲಿಲೀಟರು ಕೂಡಿದ ಮ್ಯಾಲೆ ಒಂದು ಲೀಟರು ಒಂದು ಲೀಟರಾಗಿ ಎಲ್ಲಿ ಉಳೀತು, ಕಾಕಾ?” ಒಳ್ಳೆಯ ಪ್ರಶ್ನೆಯೇ. ಆದರೆ ಲವಣ, ಆಮ್ಲ ಎರಡೂ ಇರುವುದು ಒಂದೇ ಪಾತ್ರೆಯಲ್ಲಿ. ನೀರು ಹೆಚ್ಚಿದರೆ ಎರಡೂ ಒಂದೇ ಸಮನಾಗಿ ತೆಳುವಾಗುತ್ತವೆ. ಅವುಗಳ ಪ್ರಮಾಣ ಬದಲಾಗುವುದಿಲ್ಲ. ಆದುದರಿಂದಲೇ ಬಫರಿನ ಲೆಕ್ಕವನ್ನು ಮೋಲಿನಲ್ಲಿಯೇ ಮಾಡುವುದು ಜಾಣತನ.

ಬಫರಿಗೂ ಒಂದು ಮಿತಿಯುಂಟೆಂಬುದನ್ನು ಇಲ್ಲಿ ಹೇಳಲೇಬೇಕು. ಇದೇ ದ್ರಾವಣಕ್ಕೆ 0.05 ಮೋಲ್ ಆಮ್ಲ ಹಾಕಿದರೆ ಪಿಎಚ್ 4.28. 0.09 ಮೋಲ್ ಹಾಕಿದರೆ ಸುಮಾರು 3.5. 0.12 ಮೋಲ್ ಹಾಕಿದರೆ 1.7! ಅಸಿಟೇಟ್ ಇದ್ದದ್ದೇ 0.10, ಅದು ತೀರಿದ ಮೇಲೆ ನುಂಗುವವರಾರು? ಮೊದಲ ಅರ್ಧದಲ್ಲಿ ಅರ್ಧ ಮೆಟ್ಟಿಲೂ ಇಳಿಯದಿದ್ದ ಪಿಎಚ್ ಕೊನೆಯಲ್ಲಿ ಪಾತಾಳಕ್ಕೆ ಬೀಳುತ್ತದೆ.  ಅಸಿಟೇಟ್ ತೀರುತ್ತ ಬಂದಲ್ಲಿ ನಮ್ಮ ಸೂತ್ರವೂ ಕೈಕೊಡುತ್ತದೆ. ಲವಣ ಮತ್ತು ಆಮ್ಲಗಳ ಪ್ರಮಾಣ ಹತ್ತಕ್ಕೆ ಒಂದರಿಂದ ಒಂದಕ್ಕೆ ಹತ್ತರ ಒಳಗಿರುವಾಗ ಇಂಥ ಬಫರು ಚೆನ್ನಾಗಿ ಕೆಲಸ ಮಾಡುತ್ತದೆ.

ಹುಡುಗಿ ವಹಿ ಮುಚ್ಚಿ ಎದ್ದಳು. ಆದರೆ ನಮಗೆ ಸುಮ್ಮನಿರಲಾಗಲಿಲ್ಲ. ಆಕೆ ಕಾಗದದ ಮೇಲೆ ಮಾಡಿದ ತಪ್ಪನ್ನೇ ನಾವು ಎರಡು ವರ್ಷಗಳ ಹಿಂದೆ ಒಂದು ಜೀವದ ವಿಷಯದಲ್ಲಿ ಮಾಡಹೊರಟಿದ್ದೆವು. ಆ ಸಂಗತಿಯನ್ನು ಅವಳಿಗೂ ಹೇಳಿದೆವು, ಇಲ್ಲಿಯೂ ಹೇಳುತ್ತೇವೆ.

ಪುಣೆಯಲ್ಲಿರುವ ನಮ್ಮ ಸೋದರಮಾವನಿಗೆ ಬಹುಕಾಲದಿಂದ ಸಕ್ಕರೆ ಕಾಯಿಲೆ. ದಿನವೂ ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಿದ್ದರು. ಒಮ್ಮೆ ಜ್ವರ ಬಂದು ಊಟ ಸೇರದಾಯಿತು. “ಊಟವೇ ಇಲ್ಲದ ಮೇಲೆ ಸೂಜಿ ಏಕೆ?” ಎಂದು ಎರಡು ದಿನ ಇನ್ಸುಲಿನ್ ಬಿಟ್ಟರು. ಮೂರನೆಯ ದಿನ ವಾಂತಿ ಹತ್ತಿತು. ಉಸಿರು ಆಳವಾಗಿ, ಬೇಗ ಬೇಗ ಬರತೊಡಗಿತು. ಸುದ್ದಿ ತಿಳಿದು ನಾವು ಮುಂಬಯಿಯಿಂದ ಹೋಗುವ ಹೊತ್ತಿಗೆ ಅವರನ್ನು ಆಸ್ಪತ್ರೆಗೆ ಸೇರಿಸಿದ್ದರು. ರಕ್ತಪರೀಕ್ಷೆಯ ಕಾಗದ ನಮ್ಮ ಕೈಗೆ ಬಂತು. ಪಿಎಚ್ 7.26. ಪಕ್ಕದಲ್ಲಿಯೇ, ಇರಬೇಕಾದದ್ದು 7.35ರಿಂದ 7.45 ಎಂದು ಅಚ್ಚಾಗಿತ್ತು. ನಾವು ಅತ್ತೆಗೆ ಧೈರ್ಯ ಹೇಳಿದೆವು: “ನೋಡಿ ಅತ್ತೆ, ಒಂದು ಚೂರು ಇಳಿದಿದೆ, ಅಷ್ಟೆ. ನಾಳೆ ಮನೆಗೆ ಕರೆದುಕೊಂಡು ಹೋಗೋಣ.” ಅತ್ತೆ ನಮ್ಮ ಮಾತನ್ನು ನಂಬಿದರು. ನಾವು ಕಲಿತವರಲ್ಲವೆ!

ಡಾಕ್ಟರು ನಮ್ಮ ಮಾತು ಕೇಳಿಸಿಕೊಂಡು ಆ ಕಾಗದದ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು. ಬೈಕಾರ್ಬೊನೇಟ್ 10. ಇರಬೇಕಾದದ್ದು ಸುಮಾರು 24.

ರಕ್ತವೂ ಒಂದು ಬಫರ್. ಅದರಲ್ಲಿ ನುಂಗುವ ಕೆಲಸ ಮುಖ್ಯವಾಗಿ ಬೈಕಾರ್ಬೊನೇಟಿನದು. ನಮ್ಮ ಅಡುಗೆ ಸೋಡದಲ್ಲಿ ಇರುವುದೂ ಅದೇ. ಆರೋಗ್ಯವಂತರ ರಕ್ತದ ದ್ರವದಲ್ಲಿ ಲೀಟರಿಗೆ 24 ಮಿಲಿಮೋಲ್ ಬೈಕಾರ್ಬೊನೇಟೂ 1.2 ಮಿಲಿಮೋಲ್ ಕರಗಿದ ಇಂಗಾಲದ ಡೈಆಕ್ಸೈಡೂ ಇರುತ್ತವೆ. ಪ್ರಮಾಣ ಇಪ್ಪತ್ತಕ್ಕೆ ಒಂದು. ಇಪ್ಪತ್ತರ ಲಾಗ್ 1.30. ಇಲ್ಲಿಯ ಪಿಕೆಎ 6.10. ಕೂಡಿದರೆ 7.40. ಹುಡುಗಿಯ ಪುಸ್ತಕದ ಸೂತ್ರವೇ ನಮ್ಮೆಲ್ಲರ ಮೈಯಲ್ಲಿಯೂ ನಡೆಯುತ್ತಿದೆ!

ಇನ್ಸುಲಿನ್ ಇಲ್ಲದಾಗ ಮೈಯೊಳಗೆ ಕೊಬ್ಬು ಕರಗಿ ಕೀಟೋನ್ ಎಂಬ ಹುಳಿಯ ಪದಾರ್ಥಗಳು ಹುಟ್ಟುತ್ತವೆ. ಈ ಆಮ್ಲವನ್ನು ನುಂಗುತ್ತ ನುಂಗುತ್ತ ಮಾವನ ಬೈಕಾರ್ಬೊನೇಟ್ 24ರಿಂದ 10ಕ್ಕೆ ಇಳಿದಿತ್ತು. ಲೀಟರಿಗೆ 14 ಮಿಲಿಮೋಲ್ ಖರ್ಚು. ರಕ್ತದ ಹಿಮೋಗ್ಲೋಬಿನ್ ಮೊದಲಾದವು ನುಂಗಿದ ಪಾಲು ಬೇರೆ. ಪಿಎಚ್ ನೋಡಿ ಲೆಕ್ಕ ಮಾಡಿದರೆ, ಹೆಚ್ಚಿದ ಜಲಜನಕದ ಅಯಾನು ಲೀಟರಿಗೆ 40 ನ್ಯಾನೊಮೋಲಿನಿಂದ 55ಕ್ಕೆ, ಅಂದರೆ ಬರಿಯ 15. ನ್ಯಾನೊಮೋಲ್ ಎಂದರೆ ಮೋಲಿನ ನೂರು ಕೋಟಿಯಲ್ಲಿ ಒಂದು ಪಾಲು. ಕಂಡ ಆಮ್ಲಕ್ಕಿಂತ ನುಂಗಿದ ಆಮ್ಲ ಒಂಬತ್ತು ಲಕ್ಷ ಪಟ್ಟಿಗೂ ಹೆಚ್ಚು! ಹುಡುಗಿಯ ತಪ್ಪು 1900 ಪಟ್ಟಿನದಾದರೆ ನಮ್ಮ ತಪ್ಪು ಎಷ್ಟು ದೊಡ್ಡದೆಂಬುದನ್ನು ವಾಚಕರೇ ನೋಡಿಕೊಳ್ಳಲಿ.

ಇಷ್ಟು ಆಮ್ಲ ಬಂದರೂ ಪಿಎಚ್ 7.26ರಲ್ಲಿ ನಿಂತದ್ದು ಹೇಗೆ? ಆ ಆಳವಾದ ಉಸಿರಿನಿಂದ. ಬೈಕಾರ್ಬೊನೇಟ್ ಆಮ್ಲವನ್ನು ನುಂಗಿದಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ರಕ್ತವನ್ನು ಬಿರಟೆ ಹಾಕಿದ ಸೀಸೆಯೆಂದೆಣಿಸಿ ಈ ಒಂದು ಬಫರಿನಿಂದಲೇ ಲೆಕ್ಕ ಮಾಡಿದರೆ ಅಷ್ಟೂ ಅನಿಲ ಒಳಗೇ ಉಳಿದು ಪಿಎಚ್ 5.9ಕ್ಕೆ ಇಳಿಯುತ್ತದೆ, 6.8ರ ಕೆಳಗೆ ಇಳಿದರೇ ಮನುಷ್ಯನು ಉಳಿಯುವುದು ಬಲು ಕಷ್ಟ. ಆದರೆ ನಮ್ಮ ಶ್ವಾಸಕೋಶ ತೆರೆದ ಕಿಟಕಿಯಿದ್ದಂತೆ. ಮಾವ ಏದುಸಿರು ಬಿಡುತ್ತ ಆ ಅನಿಲವನ್ನು 0.7ರ ಹತ್ತಿರಕ್ಕೆ ಇಳಿಸಿದ್ದರು. ಹತ್ತನ್ನು 0.69ರಿಂದ ಭಾಗಿಸಿದರೆ 14.5, ಅದರ ಲಾಗ್ 1.16, 6.10ಕ್ಕೆ ಕೂಡಿದರೆ 7.26. ನಾವು ‘ಚೂರು ಇಳಿದಿದೆ’ ಎಂದ ಆ ಅಂಕೆಯನ್ನು ಹಿಡಿದು ನಿಲ್ಲಿಸಲು ಅವರ ಮೈ ರಾತ್ರಿಯೆಲ್ಲ ಹೆಣಗಿತ್ತು. ಉಸಿರು ಸೋತಿದ್ದರೆ ಬೆಳಗಾಗುವುದರೊಳಗೆ ಎಲ್ಲ ಮುಗಿಯುತ್ತಿತ್ತು.

ಇನ್ಸುಲಿನ್, ಸಲೈನ್, ಮೂರು ರಾತ್ರಿಯ ಆರೈಕೆ. ಮಾವ ಮನೆಗೆ ಬಂದರು. ಈಗಲೂ ಜ್ವರ ಬಂದಾಗಲೆಲ್ಲ ಅತ್ತೆ ಮೊದಲು ಫೋನು ಮಾಡುವುದು ಡಾಕ್ಟರಿಗೆ; ನಮಗಲ್ಲ. ಅದೇ ಸರಿಯಾದ ಕ್ರಮ.

ಊರಿನಿಂದ ದೂರವಿರುವ ನಮ್ಮ ಕುಟುಂಬಗಳಲ್ಲಿ ಹಿರಿಯರು ‘ಮಕ್ಕಳಿಗೇಕೆ ತೊಂದರೆ’ ಎಂದು ಎಷ್ಟೋ ಸಂಗತಿಗಳನ್ನು ತಮ್ಮಲ್ಲಿಯೇ ಇಟ್ಟುಕೊಳ್ಳುತ್ತಾರೆ. ಇನ್ಸುಲಿನ್ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಇದನ್ನು ನೆನಪಿಡಬೇಕು: ಊಟ ಬಿಟ್ಟರೂ ಡಾಕ್ಟರನ್ನು ಕೇಳದೆ ಇನ್ಸುಲಿನ್ ಬಿಡಬಾರದು. ವಾಂತಿ, ಆಳವಾದ ಏದುಸಿರು, ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ, ಮಂಪರು ಕಂಡರೆ ನಾಳೆಯವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಕಥೆ ಮುಗಿದಾಗ ಹುಡುಗಿಯ ಮುಖ ಗಂಭೀರವಾಗಿತ್ತು. “ಪರೀಕ್ಷೆಗಷ್ಟ ಬರೋ ಲೆಕ್ಕ ಅಂದ್ಕೊಂಡಿದ್ದೆ, ಕಾಕಾ,” ಎಂದಳು. ಅಜ್ಜಿ ಏನೂ ಹೇಳದೆ ಅವಳ ತಲೆ ನೇವರಿಸಿದರು.

ಕೊನೆಗೆ, ನಮ್ಮ ಎಳೆಯ ವಾಚಕರಿಗೆ ವಾಡಿಕೆಯಂತೆ ಒಂದು ಲೆಕ್ಕ. ಪಾತ್ರೆಯೊಂದರಲ್ಲಿ 0.20 ಮೋಲ್ ಅಸಿಟಿಕ್ ಆಮ್ಲವೂ 0.20 ಮೋಲ್ ಅಸಿಟೇಟೂ ಇವೆ. ಹೈಡ್ರೋಕ್ಲೋರಿಕ್ ಆಮ್ಲ ಹಾಕಲಾಗಿ ಪಿಎಚ್ 4.76ರಿಂದ 4.28ಕ್ಕೆ ಇಳಿಯಿತು. ಮೂರರ ಲಾಗ್ 0.477. ಹಾಕಿದ ಆಮ್ಲವೆಷ್ಟು? ನಿಮಗೆ 0.10 ಮೋಲ್ ಬಂದರೆ ಸರಿ. ಸೊನ್ನೆಗಳ ಸಾಲು ಬಂದರೆ ಪುಸ್ತಕದ ಮೇಲೆ ಮುನಿಯಬೇಡಿ. ಕಂಡದ್ದನ್ನು ಬಿಟ್ಟು ಖರ್ಚಾದದ್ದನ್ನು ಎಣಿಸಿ ನೋಡಿ.